ಫ್ರಿಜ್ಜಿನೊಳಗಿನ ದೀಪ

ಅಳಿಯ ನೆತನೇಲ ದ್ರಾಕ್ಷಾರಸದ ಬಟ್ಟಲನ್ನು ಅಂಗೈಮೇಲೆ ಇಟ್ಟುಕೊಂಡು, ಅರೆಗಣ್ಣು ಮುಚ್ಚಿ, ದೇವರು ಆರು ದಿನ ದುಡಿದು ಏಳನೆಯ ದಿನ ಸುಮ್ಮನೆ ಕೂತ ಸುದ್ದಿಯನ್ನು ರಾಗವಾಗಿ ಹೇಳುತ್ತಿದ್ದಾಗ ಎಲ್ಕಾನನಿಗೆ ಫ್ರಿಜ್ಜಿನ ದೀಪ ನೆನಪಾಯಿತು. ಆ ಬಲ್ಬನ್ನು ತಿರುಗಿಸಿ ತೆಗೆದೆನೋ ಇಲ್ಲವೋ? ತೆಗೆದ ಹಾಗಿತ್ತು. ಬಗ್ಗಿ, ಉಪ್ಪಿನಕಾಯಿ ಬಾಟಲಿ ಸರಿಸಿ, ಹಿಂದಿನ ಮೂಲೆಗೆ ಬೆರಳು ತೂರಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಅದು ಅಭ್ಯಾಸಕ್ಕೆಂದು ಹೋದ ವಾರ ಮಾಡಿದ್ದು. ಆಮೇಲೆ ಅದನ್ನು ಮತ್ತೆ ಸಿಕ್ಕಿಸಿದ್ದೂ ಅಷ್ಟೇ ಚೆನ್ನಾಗಿ ನೆನಪಿತ್ತು. ಇವತ್ತು? ಇವತ್ತು ಬೆಳಗಿನಿಂದ ಏನೇನು ಮಾಡಿಲ್ಲ ಅವನು. ಪಾಯಿಖಾನೆಯ ಕಾಗದವನ್ನು ಮುಂಚೆಯೇ ತುಂಡು ತುಂಡಾಗಿ ಹರಿದು ಜೋಡಿಸಿಟ್ಟಿದ್ದ, ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣುವವರೆಗಿನ ಶಬ್ಬಾತ್ ದಿನ ಹರಿಯುವುದೂ ಕೆಲಸದ ಲೆಕ್ಕವೇ ಆದ್ದರಿಂದ. ದೀಪಗಳು ತಾವಾಗಿ ಹತ್ತಿ ತಾವಾಗಿ ಆರುವ ಹಾಗೆ ಅವಕ್ಕೆಲ್ಲ ಗಡಿಯಾರ ಕಟ್ಟಿದ್ದ. ಕೋಳಿಯನ್ನೂ ಅನ್ನವನ್ನೂ ಹೊತ್ತು ಮುಳುಗುವ ಮೊದಲೇ ಬಿಸಿ ತಗಡಿನ ಮೇಲೆ ಕೂರಿಸಿದ್ದ. ಆಮೇಲೆ ಮಗಳ ಸಂಸಾರ ಬಂತು, ಚೀಲಗಳು ಬಂದವು, ಮೊಮ್ಮಗಳು ಕುತ್ತಿಗೆಗೆ ಜೋತುಬಿದ್ದಳು, ಅವನು ಹಿಗ್ಗಿ ಹೀರೇಕಾಯಿಯಾಗಿ ಸ್ನಾನಕ್ಕೆ ಹೋದ. ಬಲ್ಬು? ಈಗ ಬಾಗಿಲು ತೆಗೆದರೆ ದೀಪ ಹತ್ತುತ್ತದೆ, ದೀಪ ಹತ್ತಿಸುವುದೆಂದರೆ ಬೆಂಕಿ ಹೊತ್ತಿಸಿದ ಹಾಗೆ. ಮುಚ್ಚಿದ ಬಾಗಿಲ ಹಿಂದೆ ಮೀನಿತ್ತು, ಬದನೆಕಾಯಿ ಇತ್ತು, ಬೀಟ್‌ರೂಟ್ ಇತ್ತು, ಎರಡು ದಿನದ ಅವನ ಬೆವರಿತ್ತು. ಬಲ್ಬು ಇದೆಯೋ ಇಲ್ಲವೋ ತಿಳಿಯಬೇಕಾದರೆ ಬಾಗಿಲು ತೆಗೆಯಬೇಕು, ಬಾಗಿಲು ತೆಗೆದರೆ ಕೆಟ್ಟಿತು. "ಆಮೆನ್" ಎಂದು ಎಲ್ಲರೂ ಅಂದರು. ಅವನೂ ಒಂದು ಕ್ಷಣ ತಡವಾಗಿ ಅಂದ.

ಹಾಗೆ ನೋಡಿದರೆ ಎಲ್ಕಾನ ದೇವರನ್ನು ನಂಬುವವನೇ ಅಲ್ಲ. ಇಸ್ರೇಲಿನ ಬಾತ್ ಯಾಮಿನ ಕಡಲತೀರದಲ್ಲಿ ಮರದ ಅಟ್ಟಣೆಯ ಮೇಲೆ ಕೂತು, ಮುಳುಗುವವರನ್ನು ಎಳೆದು ಹಾಕುವ ಕೆಲಸದಲ್ಲಿ ವಯಸ್ಸು ಕಳೆದವನು. ದೇಶಕ್ಕೆಲ್ಲ ಶನಿವಾರ ರಜ ಅಂದರೆ ಅವನಿಗೆ ಶನಿವಾರ ತಲೆ ಕೆರೆಯುವುದಕ್ಕೂ ಪುರುಸೊತ್ತಿಲ್ಲದ ದಿನ. ರಜ ಸಿಕ್ಕ ಜನವೆಲ್ಲ ಕಲ್ಲಂಗಡಿ, ಮಡಚು ಕುರ್ಚಿ, ಮುದುಕಿಯರ ಸಮೇತ ಬಂದು ಅವನ ಕಡಲಿಗೆ ಬೀಳುತ್ತಿತ್ತು. "ಏ ಹಸಿರು ಚಡ್ಡಿ, ನಿಂಗೇ ಹೇಳ್ತಿರೋದು, ಈ ಕಡೆ ಬಾ! ಅಮ್ಮಾ ತಾಯಿ, ಮಗು ಎಲ್ಲಿ, ಫೋನ್ ಕೆಳಗಿಡು!" ಎಂದು ಧ್ವನಿವರ್ಧಕದಲ್ಲಿ ಅವನು ಕೂಗಿದರೆ ಹಿಂದಿನ ಮೂರು ಬೀದಿಗೆ ಕೇಳಿಸುತ್ತಿತ್ತು. ಸ್ವಾತಂತ್ರ್ಯ ದಿನದಂದು ಊರೆಲ್ಲ ಮಾಂಸ ಸುಡುವ ಹೊಗೆಯಲ್ಲಿ ಮುಳುಗಿದಾಗ ಅವನು ಅಟ್ಟಣೆಯ ಮೇಲೆ ಕೂತು ಆ ಹೊಗೆ ಕುಡಿಯುತ್ತಿದ್ದ, ಅಷ್ಟೇ. ವರ್ಷಕ್ಕೊಂದೇ ದಿನ ಕಡಲು ಬರಿದಾಗುತ್ತಿದ್ದುದು, ಯೋಮ್ ಕಿಪ್ಪುರ್ ಅನ್ನುವ ಪ್ರಾಯಶ್ಚಿತ್ತದ ದಿನ. ಒಂದು ಕಾರಿಲ್ಲ, ಬಸ್ಸಿಲ್ಲ, ಹೆದ್ದಾರಿಯ ತುಂಬ ಮಕ್ಕಳ ಸೈಕಲ್ಲು. ಆ ದಿನ ಊರೆಲ್ಲ ಉಪವಾಸ, ಎಲ್ಕಾನನ ಮನೆಯಲ್ಲಿ ಹೆಂಡತಿ ಹೆಮ್ದಾ ಮೊಟ್ಟೆ ಹುರಿಯುತ್ತಿದ್ದಳು. ಹುರಿಯುವ ಮೊದಲು ಅಡಿಗೆಮನೆಯ ಕಿಟಕಿ ಭದ್ರವಾಗಿ ಮುಚ್ಚುತ್ತಿದ್ದಳು. ಒಂದು ವರ್ಷ ಮಗಳು ತಿರ್ಸಾ, ಮೊಣಕಾಲು ತರಚಿಕೊಂಡು ಸೈಕಲ್ಲಿನಿಂದ ಬಂದವಳು, ತಟ್ಟೆಯ ಮುಂದೆ ಕೂತು ಕೇಳಿದ್ದಳು: "ಅಪ್ಪ, ದೇವರಿಲ್ಲ ಅಂದ್ಮೇಲೆ ಕಿಟಕಿ ಯಾಕೆ ಮುಚ್ಚೋದು?" ಹೆಮ್ದಾ ನಕ್ಕು, "ದೇವರಿಲ್ಲ ಕಣೇ, ಪಕ್ಕದ್ಮನೆಯವರು ಇದಾರಲ್ಲ" ಅಂದಳು. ಆಗ ಅದು ಒಳ್ಳೆಯ ಉತ್ತರ ಅನ್ನಿಸಿತ್ತು. ಹುಡುಗಿ ಮೊಟ್ಟೆ ತಿಂದಳು, ದೊಡ್ಡವಳಾದಳು, ಸೈನ್ಯದ ಸೇವೆ ಮುಗಿಸಿ ಬಂದಳು, ಒಂದು ದಿನ ಮಡಿವಂತರ ಉದ್ದ ಲಂಗ ಹಾಕಿಕೊಂಡು ಬಂದು ಈ ಮನೆಯ ತಟ್ಟೆಯಲ್ಲಿ ಇನ್ನು ತಾನು ಉಣ್ಣುವುದಿಲ್ಲ ಅಂದಳು. ಆ ಕಿಟಕಿಯ ಪ್ರಶ್ನೆಗೆ ತಾನೇ ಬೇರೆ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ಎಲ್ಕಾನ ಆಗಾಗ ಯೋಚಿಸುತ್ತಿದ್ದ, ಆದರೆ ಆ ಬೇರೆ ಉತ್ತರ ಯಾವುದು ಎಂಬುದು ಅವನಿಗೆ ಇವತ್ತಿಗೂ ಹೊಳೆದಿರಲಿಲ್ಲ.

ಕೈ ತೊಳೆದು ಬಂದು, ರೊಟ್ಟಿ ಬಾಯಿಗಿಡುವವರೆಗೆ ಮಾತಾಡಬಾರದೆಂಬ ನಿಯಮದಂತೆ, ಸುಮ್ಮನೆ ಕೂತರು. ನೆತನೇಲ ಜಡೆ ಹೆಣೆದ ರೊಟ್ಟಿ ಕೊಯ್ದು ಉಪ್ಪಿಗೆ ಅದ್ದಿ ಒಬ್ಬೊಬ್ಬರಿಗೆ ಕೊಟ್ಟ. ಅಳಿಯ ಒಳ್ಳೆಯವನು, ಅದೇ ತೊಂದರೆ. ಒರಟನಾಗಿದ್ದರೆ ಜಗಳವಾಡಬಹುದಿತ್ತು. ಜೆರುಸಲೇಮಿನ ಅವರ ಮನೆಗೆ ಎಲ್ಕಾನ ಮೊದಲ ಸಲ ಶಬ್ಬಾತಿಗೆ ಹೋದಾಗ ರಾತ್ರಿ ಬಚ್ಚಲಿಂದ ಹೊರಗೆ ಬರುತ್ತ, ಹುಟ್ಟಾ ಬಂದ ಅಭ್ಯಾಸದಂತೆ, ದೀಪ ಆರಿಸಿಬಿಟ್ಟಿದ್ದ. ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನ ಸಂಜೆ ನಕ್ಷತ್ರ ಕಾಣುವವರೆಗೂ ನೆತನೇಲನ ಅಪ್ಪ, ಅಮ್ಮ, ಅಕ್ಕ, ಅಕ್ಕನ ಮಕ್ಕಳು ಒಬ್ಬೊಬ್ಬರಾಗಿ ಆ ಕಿಟಕಿಯಿಲ್ಲದ ಬಚ್ಚಲಿಗೆ ಗೋಡೆ ಸವರುತ್ತ ಹೋಗಿ ಬಂದರು. ಒಳಗೆ ಏನೋ ಬಿದ್ದ ಸದ್ದು, ಯಾರೋ ಮಂಡಿ ತಾಗಿಸಿಕೊಂಡ ಸದ್ದು, ಹೊರಗೆ ಬಂದವರ ಮುಖದಲ್ಲಿ ಮಾತ್ರ ಅದೇ ನಗೆ, "ಇನ್ನೊಂಚೂರು ಅನ್ನ ಹಾಕ್ಕೊಳ್ಳಿ ಬೀಗರೇ." ಎಲ್ಕಾನ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದ. ಬೈದಿದ್ದರೆ ಬಾಯ್ತುಂಬ ಉಂಡಿರುತ್ತಿದ್ದ.

ಅವನಿಗೆ ನಿವೃತ್ತಿಯಾಗಿ, ಹೆಮ್ದಾಳೂ ತೀರಿಹೋದ ಮೇಲೆ ಶನಿವಾರಗಳು ಉದ್ದವಾದವು. ಬಸ್ಸಿಲ್ಲ, ಅಂಗಡಿಯಿಲ್ಲ, ಟೀವಿಯಲ್ಲಿ ಹಳೆಯ ಫುಟ್‌ಬಾಲ್. ಮೊಮ್ಮಗಳು ರೆನಾನ ಹುಟ್ಟಿ, ನಡೆದು, ಮಾತಾಡಿ, ಹಲ್ಲು ಬೀಳಿಸಿಕೊಂಡರೂ ತಾತನ ಮನೆಯಲ್ಲಿ ಒಂದು ರಾತ್ರಿ ಮಲಗಿರಲಿಲ್ಲ. ಎಲ್ಕಾನನೇ ಸೋತು ಒಂದು ದಿನ ಫೋನಿನಲ್ಲಿ ಕೇಳಿದ, ಏನು ಮಾಡಿದರೆ ಬರುತ್ತೀರಿ ಅಂತ. ತಿರ್ಸಾ ತಿಂಗಳುಗಟ್ಟಲೆ ಹೇಳಿಕೊಟ್ಟಳು: ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ, ಒಲೆ ಹೀಗೆ ಕಾಯಿಸು, ಫ್ರಿಜ್ಜಿನ ಬಲ್ಬು ಮರೀಬೇಡ. ಕೊನೆಗೆ ಹೇಳಿದಳು: "ಅಪ್ಪ, ಇದೊಂದ್ಸಲ ಸರಿಹೋದ್ರೆ ತಿಂಗಳಿಗೊಮ್ಮೆ ಬರ್ತೀವಿ. ಸರಿಹೋಗ್ಲಿಲ್ಲ ಅಂದ್ರೆ ನೆತನೇಲ ಏನೂ ಅನ್ನಲ್ಲ. ಅವ್ರು ಯಾವತ್ತೂ ಏನೂ ಅನ್ನಲ್ಲ. ಆದ್ರೆ ಮತ್ತೆ ಬರೋದೂ ಇಲ್ಲ." ಫ್ರಿಜ್ಜಿನ ಬಲ್ಬು ಮರೀಬೇಡ ಅಂದಿದ್ದಳು, ಬಾಯಿಬಿಟ್ಟು ಅಂದಿದ್ದಳು.

"ಅಪ್ಪ, ಮೀನು ನಾನು ತರ್ಲಾ?" ತಿರ್ಸಾ ಏಳಹೊರಟಳು.

"ಕೂತ್ಕೋ!" ಅಂದ ಎಲ್ಕಾನ. ಧ್ವನಿ ಕಡಲತೀರದ್ದಾಗಿಬಿಟ್ಟಿತು, ಒಳಕೋಣೆಯಲ್ಲಿ ಮಲಗಿಸಿದ್ದ ತಿರ್ಸಾಳ ಎರಡನೆಯ ಕೂಸು ಕುಂಯ್ ಅಂದಿತು. "ನನ್ನ ಮನೇಲಿ ನೀನು ಎದ್ದು ಬಡಿಸೋದಾ? ಕೂತ್ಕೊಳಮ್ಮ. ನಾನಿದೀನಿ."

ಅಡಿಗೆಮನೆಗೆ ಬಂದು ಬಾಗಿಲು ಮರೆ ಮಾಡಿಕೊಂಡ. ಫ್ರಿಜ್ಜು ಗುಂಯ್ಗುಡುತ್ತಿತ್ತು. ಹೆಮ್ದಾ ಆರಿಸಿ ತಂದ ಹಳೆಯ ಬಿಳಿ ಫ್ರಿಜ್ಜು, ಎಷ್ಟು ವರ್ಷದಿಂದ ನೋಡುತ್ತಿದ್ದರೂ ಇವತ್ತೇ ಮೊದಲು ಅದಕ್ಕೊಂದು ಮುಖವಿರುವಂತೆ ಕಂಡಿತು, ಅದೂ ಅಳಿಯನ ಅಪ್ಪನ ಮುಖ. ಏನು ಮಹಾ, ಎಂದು ತನಗೆ ತಾನೇ ಹೇಳಿಕೊಂಡ. ಯಾರೂ ನೋಡುತ್ತಿಲ್ಲ. ನಾನಂತೂ ನಂಬುವವನಲ್ಲ. ತೆಗೆಯುವುದು, ಮೀನಿನ ತಟ್ಟೆ ಎತ್ತುವುದು, ಮುಚ್ಚುವುದು. ಅವರಿಗೆ ಗೊತ್ತಿಲ್ಲದ್ದು ಅವರಿಗೆ ಹೇಗೆ ಅಂಟೀತು? ಅಂಟಿದರೆ ನನಗೆ ಅಂಟಲಿ. ಆದರೂ ಕೈ ಹೋಗಲಿಲ್ಲ. ಗೊತ್ತಿಲ್ಲದೆ ತಿನ್ನುವ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಮೀನು ಹೇಗಿದೆ?" ಅಂತ ಕೇಳುವ ತನ್ನ ಮುಖವನ್ನು ಕಲ್ಪಿಸಿಕೊಂಡ, ಅದು ಅವನಿಗೆ ಇಷ್ಟವಾಗಲಿಲ್ಲ. ಹಾಗಾದರೆ ಹೋಗಿ ಹೇಳಿಬಿಡು, ಮರೆತೆ ಅಂತ. ಹೇಳಿದರೆ ನೆತನೇಲ ಮುಗುಳ್ನಗುತ್ತಾನೆ, "ಪರವಾಗಿಲ್ಲ ಮಾವ, ಕೋಳಿ ಇದೆಯಲ್ಲ" ಅನ್ನುತ್ತಾನೆ, ಅಷ್ಟೇ, ಮುಗಿಯಿತು, ಮತ್ತೆ ಈ ಮೇಜಿನ ಸುತ್ತ ಯಾರೂ ಕೂರುವುದಿಲ್ಲ. ಅಷ್ಟು ಹೊತ್ತಿಗೆ ಅವನ ಕೈ ಫ್ರಿಜ್ಜಿನ ಹಿಡಿಯ ಮೇಲಿತ್ತು. ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಬಾಗಿಲಿನ ರಬ್ಬರು ಒಂದು ಕೂದಲೆಳೆ ಸಡಿಲವಾದಂತೆ ಆಯಿತು.

"ತಾತಾ!"

ಎಲ್ಕಾನ ಬೆಚ್ಚಿಬಿದ್ದು ಬಾಗಿಲನ್ನು ಮೈಯಿಂದ ಒತ್ತಿ ಹಿಡಿದ. ರೆನಾನ ಹೊಸ್ತಿಲಲ್ಲಿ ನಿಂತಿದ್ದಳು, ಎರಡು ಜಡೆ, ಮುಂದಿನ ಹಲ್ಲಿಲ್ಲ.

"ಫ್ರಿಜ್ ತಳ್ತಾ ಇದೀಯಾ?"

"ಇಲ್ಲ ಪುಟ್ಟಿ. ಸುಮ್ನೆ ಒರಗ್ಕೊಂಡಿದ್ದೆ. ತಾತಂಗೆ ಬೆನ್ನು ನೋವು."

"ನಂಗೆ ಗೊತ್ತು. ನೀನು ಬಲ್ಬಿನ ಬಗ್ಗೆ ಯೋಚ್ನೆ ಮಾಡ್ತಿದೀಯ."

"ಯಾವ ಬಲ್ಬು?"

"ಶಾಲೇಲಿ ಟೀಚರ್ ಕೇಳಿದ್ರು, ಫ್ರಿಜ್ ಮುಚ್ಚಿದ್ಮೇಲೆ ಒಳಗಿನ ಬಲ್ಬು ಏನ್ ಮಾಡತ್ತೆ ಅಂತ. ಯಾರಿಗೂ ಗೊತ್ತಾಗ್ಲಿಲ್ಲ." ಅವಳು ಸ್ಟೂಲು ಎಳೆದುಕೊಂಡು ಕಾಲು ತೂಗಾಡಿಸುತ್ತ ಕೂತಳು. "ನಾನಿಲ್ಲೇ ಕೂತಿರ್ತೀನಿ."

"ಒಳಗೆ ಹೋಗಮ್ಮ, ಅಮ್ಮ ಕಾಯ್ತಿರ್ತಾಳೆ."

"ಇಲ್ಲ. ನಿನ್ನ ಜೊತೇಲೇ ಇರ್ತೀನಿ."

ಆ ಎರಡು ಕಣ್ಣಿನ ಮುಂದೆ ಬಾಗಿಲು ತೆಗೆಯುವ ಧೈರ್ಯ ಎಲ್ಕಾನನಿಗೆ ಬರಲಿಲ್ಲ. ಬಿಸಿ ತಗಡಿನ ಮೇಲಿದ್ದ ಕೋಳಿಯ ಪಾತ್ರೆಯನ್ನೇ ಎತ್ತಿಕೊಂಡು, ಮೊಮ್ಮಗಳನ್ನು ಹಿಂದೆ ಹಾಕಿಕೊಂಡು, ಮದುವೆ ದಿಬ್ಬಣದ ಹಾಗೆ ಊಟದ ಕೋಣೆಗೆ ಬಂದ. ನೆತನೇಲ ಮೀನಿಗೆಂದು ಸಣ್ಣ ಮುಳ್ಳುಚಮಚ ಎತ್ತಿಕೊಂಡಿದ್ದವನು ಪಾತ್ರೆ ನೋಡಿ, ಮುಳ್ಳುಚಮಚ ನೋಡಿ, ಅದನ್ನು ಮೆಲ್ಲಗೆ ಕೆಳಗಿಟ್ಟ.

"ಮೀನು ಮೊದಲಲ್ವಾ, ಮಾವ?"

"ನಮ್ಮಲ್ಲಿ ಹೀಗೇ," ಅಂದುಬಿಟ್ಟ ಎಲ್ಕಾನ. "ಮೊದ್ಲು ಬಿಸಿ. ತಣ್ಣಗಿರೋದೆಲ್ಲ ಆಮೇಲೆ."

"ನಿಮ್ಮಲ್ಲಿ ಅಂದ್ರೆ?"

"ನಮ್ಮಜ್ಜಿ ಕಾಲದಿಂದ. ಗ್ರೀಸಿನ ಸಲೋನಿಕದವಳು."

ನೆತನೇಲನ ಮುಖ ದೀಪ ಹಚ್ಚಿದಂತೆ ಬೆಳಗಿತು. ಇದನ್ನು ಎಲ್ಕಾನ ಮರೆತೇಬಿಟ್ಟಿದ್ದ: ಅಳಿಯನಿಗೆ ಹಳೆಯ ಪದ್ಧತಿ ಅಂದರೆ ಪ್ರಾಣ. ಯೆಮೆನಿನವರು ಹೇಗೆ ಕೈ ತೊಳೆಯುತ್ತಾರೆ, ಬುಖಾರದವರು ರೊಟ್ಟಿ ಹೇಗೆ ಮುರಿಯುತ್ತಾರೆ, ಜೇರ್ಬಾ ದ್ವೀಪದವರು ಯಾವ ಹಬ್ಬಕ್ಕೆ ಯಾವ ಕಾಳು ನೆನೆಸುತ್ತಾರೆ, ಇಂಥದ್ದನ್ನು ಕೇಳಿಕೊಂಡು ಅವನು ಊರೂರು ಅಲೆಯುವವನು. "ಸಲೋನಿಕ! ತಿರ್ಸಾ, ನೀನು ಹೇಳೇ ಇಲ್ಲ!" ಅಂದ. "ಅಲ್ಲ ಮಾವ, ಮಾಂಸ ಆದ್ಮೇಲೆ ಮೀನು ತಿನ್ನೋದು ಬಹಳ ಅಪರೂಪ. ನಡುವೆ ಬಾಯಿ ತೊಳ್ಕೋತಿದ್ರಾ?"

"ತೊಳ್ಕೋತಿದ್ರು, ತೊಳ್ಕೋತಿದ್ರು."

"ನೀರಲ್ಲೋ, ಅರಾಕಿನಲ್ಲೋ?"

"ಅರಾಕು," ಅಂದ ಎಲ್ಕಾನ. ಅಜ್ಜಿಗೆ ಆ ಸೋಂಪಿನ ಸಾರಾಯಿಯ ವಾಸನೆ ಕಂಡರೆ ಆಗುತ್ತಿರಲಿಲ್ಲ. ಮೀನು ಸಿಕ್ಕಾಗ ಮೀನು ತಿಂದವಳು, ಸಿಗದಾಗ ಈರುಳ್ಳಿ ತಿಂದವಳು. ಅವಳನ್ನು ಈಗ ಇಲ್ಲಿ ಕುಡುಕಿ ಮಾಡಿದ್ದಾಯಿತು.

"ಕೇಳಿದ್ಯಾ ರೆನಾನ? ನಿನ್ನ ಮುತ್ತಜ್ಜಿಯ ಅಮ್ಮಂದಿರೆಲ್ಲ ಹೀಗೇ ಮಾಡ್ತಿದ್ರು. ನಾವೂ ಮನೇಲಿ ಒಂದ್ಸಲ ಮಾಡೋಣ." ನೆತನೇಲ ಭಕ್ತಿಯಿಂದ ಕೋಳಿಯ ತೊಡೆ ಮುರಿದ. ತಿರ್ಸಾ ತಟ್ಟೆಯಲ್ಲಿ ಮುಖ ಇಟ್ಟುಕೊಂಡು ಅನ್ನ ಕಲಸುತ್ತಿದ್ದಳು, ತಲೆ ಎತ್ತಲಿಲ್ಲ. ಎಲ್ಕಾನನಿಗೆ ಕೋಳಿ ರುಚಿಸಲಿಲ್ಲ. ಒಂದು ಬಲ್ಬು ಮುಚ್ಚಿಡಲು ಹೋಗಿ ಒಂದು ಊರಿನ ಚರಿತ್ರೆಯನ್ನೇ ಕೆಡಿಸಿದ್ದ. ಇನ್ನೇನು ಕೋಳಿ ಮುಗಿಯುತ್ತದೆ, ಆಮೇಲೆ ಮೀನು ಬರಬೇಕು, ಸಲೋನಿಕದ ಜನ ಕಾಯುತ್ತಾರೆ. ಆಗ ಅವನಿಗೆ ಮೇಲಿನ ಮಹಡಿಯ ಲ್ಯೂಬಾ ನೆನಪಾದಳು.

ಮೊಲ್ದೋವದ ಲ್ಯೂಬಾ ಹಾಸಿಗೆ ಹಿಡಿದ ಬತ್ಯಾ ಅಜ್ಜಿಯನ್ನು ನೋಡಿಕೊಳ್ಳಲು ಬಂದವಳು. ಯೆಹೂದಿಯಲ್ಲ, ಹಾಗಾಗಿ ಶುಕ್ರವಾರ ಸಂಜೆಯಾದರೆ ಆ ಕಟ್ಟಡದಲ್ಲಿ ಅವಳಿಗೆ ರಾಣಿಯ ಮರ್ಯಾದೆ. ಮಡಿವಂತರ ಮನೆಯಲ್ಲಿ ಏನಾದರೂ ಹತ್ತಬೇಕಾದರೆ, ಆರಬೇಕಾದರೆ, ಅವಳೇ ಆಗಬೇಕು. ಆದರೆ ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೆ ತಾನೇ ಮಾಡಿದಂತೆ. ಸುತ್ತಿ ಬಳಸಿ ಹೇಳಬೇಕು, ಅವಳೇ ತಿಳಿದುಕೊಂಡು ಮಾಡಬೇಕು. "ಅಯ್ಯೋ, ಕೋಣೆ ಎಷ್ಟು ಸೆಕೆ" ಎಂದು ಎರಡನೆಯ ಮಹಡಿಯವನು ಮೆಟ್ಟಿಲ ಮೇಲೆ ನಿಂತು ಗೋಡೆಗೆ ಹೇಳುವುದನ್ನೂ ಲ್ಯೂಬಾ ಬೇಕಂತಲೇ ಏನೂ ತಿಳಿಯದವಳಂತೆ ಬೀಸಣಿಗೆ ಕೊಡುವುದನ್ನೂ ನೋಡಿ ಎಲ್ಕಾನ ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತ ಹೊಟ್ಟೆ ಹಿಡಿದುಕೊಂಡು ನಕ್ಕವನು. ಲ್ಯೂಬಾಳೂ ಮೇಲಿಂದ ಕಣ್ಣು ಹೊಡೆದು ನಕ್ಕವಳೇ.

"ಮೇಲೆ ಬತ್ಯಾ ಅಜ್ಜಿಗೆ ಶಬ್ಬಾತ್ ಶಾಲೋಮ್ ಹೇಳಿ ಬಂದ್ಬಿಡ್ತೀನಿ. ಪಾಪ, ಮುದುಕಿ," ಎಂದು ಹೊರಗೆ ಬಿದ್ದ. ಮೆಟ್ಟಿಲು ಕಗ್ಗತ್ತಲು. ಗೋಡೆಯ ಮೇಲಿನ ದೀಪದ ಗುಂಡಿಗೆ ಬೆರಳು ಹೋಯಿತು, ಹೋದದ್ದು ಹಾಗೇ ವಾಪಸ್ಸು ಬಂತು. ಯಾರಿದ್ದಾರೆ ಇಲ್ಲಿ ನೋಡುವವರು? ಯಾರೂ ಇಲ್ಲ. ಆದರೂ ಅವನು ಕಂಬಿ ಹಿಡಿದು, ಕಾಲಲ್ಲಿ ಮೆಟ್ಟಿಲು ತಡಕುತ್ತ, ಒಂದು ಕಡೆ ಮೊಣಕಾಲು ತಾಗಿಸಿಕೊಂಡು ಹತ್ತಿದ. ನಿನಗೇನು ಬಂತೋ ಮುದಿಯ, ಎಂದು ಹೆಮ್ದಾ ಕೇಳಿದಂತಾಯಿತು. ಕರೆಗಂಟೆ ಒತ್ತದೆ ಬಾಗಿಲು ತಟ್ಟಿದ.

ಲ್ಯೂಬಾ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲು ತೆಗೆದಳು. "ಏನ್ ಯಜಮಾನ್ರೇ! ಬೆಲ್ ಕೆಟ್ಟೋಗಿದ್ಯಾ?"

"ಇಲ್ಲ, ಹಾಗೇ... ಬತ್ಯಾ ಅಜ್ಜಿ ಹೇಗಿದಾರೆ?"

"ಬೆಳಗ್ಗೆ ಹೇಗಿದ್ರೋ ಹಾಗೇ ಇದಾರೆ."

"ಸೆಕೆ ಜಾಸ್ತಿ ಇವತ್ತು."

"ಆಗಸ್ಟ್ ಅಲ್ವಾ."

"ಇಂಥ ಸೆಕೇಲಿ ಒಂದು ತಣ್ಣನೆ ಬಿಯರ್ ಇದ್ರೆ ಚೆನ್ನಾಗಿರತ್ತೆ ನೋಡು. ನಮ್ಮನೆ ಫ್ರಿಜ್ಜಲ್ಲಿ ಇದೆ. ಯಾರು ಬೇಕಾದ್ರೂ ತಗೋಬಹುದು."

ಲ್ಯೂಬಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಿಳಿ ಅಂಗಿ, ತಲೆಯ ಮೇಲೆ ಅಳಿಯ ತಂದುಕೊಟ್ಟ ಪುಟ್ಟ ಟೋಪಿ. ಅವಳ ತುಟಿ ಕೊಂಕಿತು. "ಇಷ್ಟ್ ವರ್ಷ ಒಂದು ಲೋಟ ನೀರು ಕೊಡ್ತೀನಿ ಅಂದವ್ರಲ್ಲ, ಇವತ್ತು ಬಿಯರಾ? ಅದೂ ಮೀಸೆ ಬಾಚ್ಕೊಂಡು ಬಂದು? ಬತ್ಯಾ ಅಜ್ಜಿ, ಇಲ್ಕೇಳಿ, ಕೆಳಗಿನ ಮನೆಯವ್ರು ನನ್ನ ಬಿಯರ್ ಕುಡಿಯೋಕೆ ಕರೀತಿದಾರೆ!"

"ಮೆಲ್ಲಗೆ, ಮೆಲ್ಲಗೆ!" ಎಲ್ಕಾನ ಬೆವರಿದ.

"ಯಾರದು? ಎಲ್ಕಾನನಾ?" ಒಳಗಿನಿಂದ ಮುದುಕಿಯ ಧ್ವನಿ ಬಂತು. "ಹೋಗೇ, ಹೋಗಿ ಬಾ. ಹೆಂಡ್ತಿ ಒಳ್ಳೇವ್ಳಿದ್ಲು."

"ಅದಲ್ಲಮ್ಮ ವಿಷ್ಯ. ಲ್ಯೂಬಾ, ನಮ್ಮನೆ ಫ್ರಿಜ್ಜಲ್ಲಿ ಒಂದು ಬಲ್ಬಿದೆ. ಇದೆಯೋ ಇಲ್ವೋ ಗೊತ್ತಿಲ್ಲ. ಮಗಳು ಅಳಿಯ ಬಂದಿದಾರೆ. ಮೀನು ಒಳಗಿದೆ. ನಾನು ನಿನ್ನ ಏನೂ ಕೇಳ್ತಾ ಇಲ್ಲ. ಸುಮ್ನೆ ಹೇಳ್ದೆ."

ಲ್ಯೂಬಾ ಗೋಡೆಗೆ ಒರಗಿ ನಗತೊಡಗಿದಳು. ಟವೆಲು ಬಿಚ್ಚಿ ಬಿತ್ತು. "ನೀವೂನಾ? ಯಜಮಾನ್ರೇ, ನೀವೂನಾ!" ಎಂದು ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ಹೇಳಿ, ಸೆಕೆ ಜಾಸ್ತಿ ಅಂತ. ಎರಡನೇ ಮಹಡಿಯವ್ರು ಇನ್ನೂ ಚೆನ್ನಾಗಿ ಹೇಳ್ತಾರೆ." ನಕ್ಕು ನಕ್ಕು ಸಾಕಾದ ಮೇಲೆ ಅವನ ಮುಖ ನೋಡಿದಳು. ಅದರಲ್ಲಿ ಅವಳು ಏನು ಕಂಡಳೋ, ನಗು ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ. ನಂಗೆ ಬಿಯರ್ ಕುಡೀಬೇಕು ಅನ್ನಿಸ್ತಿದೆ. ನೀವೇನೂ ಕೇಳಿಲ್ಲ."

ಅವಳು ಮೆಟ್ಟಿಲ ದೀಪವನ್ನು ತನಗೆ ಬೇಕೆಂದೇ ಹಾಕಿಕೊಂಡು ಇಳಿದಳು. ಊಟದ ಕೋಣೆಯನ್ನು ದಾಟುವಾಗ "ಶಬ್ಬಾತ್ ಶಾಲೋಮ್, ಬಾಯಾರಿಕೆ ಆಗ್ತಿದೆ" ಎಂದು ನಾಟಕದವರಂತೆ ಘೋಷಿಸಿದಳು. ಅವಳು ಯಾರು, ಯಾಕೆ ಬಂದಳು ಎಂದು ಯೆಹೂದಿ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೆತನೇಲನ ಕೈ ಅರಾಕಿನ ಬಾಟಲಿಯ ಮೇಲೆ ಹಾಗೇ ನಿಂತಿತು. ಅವನು ಬಾಯಿ ತೊಳೆದುಕೊಳ್ಳಲು ಸಿದ್ಧನಾಗಿ ಕೂತಿದ್ದ. ಎಲ್ಕಾನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದ. ಹಿಡಿ ಎಳೆದ ಸದ್ದು ಬಂತು.

"ಅಯ್ಯೋ ದೇವ್ರೇ," ಅಂದಳು ಲ್ಯೂಬಾ. "ಇಲ್ಲಿ ಬಲ್ಬೇ ಇಲ್ಲ! ಕತ್ಲೆ, ಗವ್ ಅಂತಿದೆ. ಇದಕ್ಕಾ ನನ್ನ ಕರ್ಕೊಂಡ್ ಬಂದಿದ್ದು?"

ಎಲ್ಕಾನ ಕಣ್ಣು ಬಿಟ್ಟ. ಫ್ರಿಜ್ಜಿನ ಹೊಟ್ಟೆ ಕಪ್ಪಗಿತ್ತು. ಹಾಗಾದರೆ ತೆಗೆದಿದ್ದೆ! ಮರೆತಿರಲಿಲ್ಲ! ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಲ್ಯೂಬಾ ಬಿಯರು ಒಂದಲ್ಲ ಎರಡು ತೆಗೆದುಕೊಂಡು, "ಮುದುಕಿಗೂ ಒಂದು" ಅಂದು, ಅವನ ಭುಜ ತಟ್ಟಿ ಹೊರಟುಹೋದಳು. ಊಟದ ಕೋಣೆಯಿಂದ ನೆತನೇಲ ಮೆಲ್ಲಗೆ ಕೇಳಿದ: "ಮಾವ, ಹಾಗಾದ್ರೆ ಆ ಸಲೋನಿಕ..."

"ಸಲೋನಿಕವೂ ಇಲ್ಲ, ಎಂಥದ್ದೂ ಇಲ್ಲ," ಅಂದ ಎಲ್ಕಾನ. ಕಿವಿ ಬಿಸಿಯಾಗಿತ್ತು. "ನಮ್ಮಜ್ಜಿ ಮೀನು ಮೊದ್ಲೇ ತಿಂತಿದ್ಲು. ಬಲ್ಬು ತೆಗೆದಿದೀನೋ ಇಲ್ವೋ ಅಂತ ಅನುಮಾನ ಬಂತು. ಹೇಳೋಕೆ ನಾಚ್ಕೆ ಆಯ್ತು. ಅಷ್ಟೇ ಕಣಪ್ಪ. ತಪ್ಪಾಯ್ತು."

ನೆತನೇಲ ಅರಾಕಿನ ಬಾಟಲಿಯನ್ನು ನೋಡಿದ, ಮಾವನನ್ನು ನೋಡಿದ. ಗಡ್ಡದೊಳಗೆ ಏನೋ ಅಲುಗಿತು, ಹೊಟ್ಟೆಯಿಂದ ಎದ್ದು ಬಂತು. ಎಲ್ಕಾನ ಇಷ್ಟು ವರ್ಷದಲ್ಲಿ ಕಾಣದ ಹಾಗೆ ಅವನು ಬಿದ್ದು ಬಿದ್ದು ನಕ್ಕ, ಟೋಪಿ ಜಾರುವಷ್ಟು. "ನಾನು ಭಾನುವಾರ ಇದನ್ನ ಗುರುಗಳಿಗೆ ಹೇಳೋನಿದ್ದೆ ಮಾವ! ಅರಾಕಿನ ಸಮೇತ!" ಆಮೇಲೆ ಉಸಿರು ಸಿಕ್ಕಾಗ, "ತೆಗೆದಿದ್ದೂ ತೆಗೆದು, ಆಮೇಲೆ ಇಷ್ಟು ಹೆದರ್ಕೊಂಡಿದೀರಲ್ಲ. ನಮ್ಮ ಬೀದೀಲಿ ಇಷ್ಟು ಎಚ್ಚರ ಇರೋರು ಯಾರೂ ಇಲ್ಲ" ಎಂದ. ರೆನಾನ "ತಾತ ಮರ್ತಿರ್ಲಿಲ್ಲ, ತಾತ ಮರ್ತಿರ್ಲಿಲ್ಲ" ಎಂದು ಕುರ್ಚಿಯ ಮೇಲೆ ಕುಣಿದಳು. ಎಲ್ಕಾನನಿಗೆ ಹೊಗಳಿಕೆ ಬಿಸಿ ನೀರಿನ ಸ್ನಾನದಂತೆ ಹಿತವಾಯಿತು. ಮೀನಿನ ತಟ್ಟೆ ತರಲು ರಾಜಗಾಂಭೀರ್ಯದಿಂದ ಅಡಿಗೆಮನೆಗೆ ನಡೆದ, ಫ್ರಿಜ್ಜಿನ ಬಾಗಿಲನ್ನು ಯಾವ ಅಳುಕೂ ಇಲ್ಲದೆ ತೆಗೆದ, ಬಗ್ಗಿದ. ಬಗ್ಗಿದಾಗ ಕಂಡಿತು: ಉಪ್ಪಿನಕಾಯಿ ಬಾಟಲಿ ತನ್ನ ಜಾಗದಲ್ಲಿರಲಿಲ್ಲ. ಅವನು ಯಾವಾಗಲೂ ಬಲಗಡೆ ಇಡುವವನು. ಅದು ಎಡಗಡೆ ಇತ್ತು, ಮುಚ್ಚಳದ ಮೇಲೆ ಮಡಚಿದ ಕಾಗದದ ಕರವಸ್ತ್ರ, ಹೆಮ್ದಾ ಮಡಚುತ್ತಿದ್ದ ಹಾಗೆ ಮೂಲೆಗೆ ಮೂಲೆ ಕೂಡಿಸಿ.

ಹಿಂದೆ ತಿರ್ಸಾ ಬಂದು ನಿಂತಿದ್ದಳು. ಕೋಳಿಯ ಖಾಲಿ ಪಾತ್ರೆ ಅವಳ ಕೈಯಲ್ಲಿತ್ತು.

"ಯಾವಾಗ ತೆಗ್ದೆ?" ಎಲ್ಕಾನ ತಿರುಗದೆ ಕೇಳಿದ.

"ನೀನು ಸ್ನಾನಕ್ಕೆ ಹೋದ್ಯಲ್ಲ, ಆಗ."

"ಅಂದ್ರೆ ಬಂದ ತಕ್ಷಣ ಎಲ್ಲ ಪರೀಕ್ಷೆ ಮಾಡ್ದೆ."

"ಮಾಡ್ದೆ."

ಅವನಿಗೆ ತುಂಬ ನೋವಾಯಿತು. ಅಳಿಯ ಕೊಟ್ಟ ಹೊಗಳಿಕೆಯೆಲ್ಲ ಕದ್ದ ಮಾಲಾಯಿತು. ಮೀನಿನ ತಟ್ಟೆಯನ್ನು ಎತ್ತದೆ ನಿಂತ. "ಒಂದು ಮಾತು ಹೇಳ್ಬಹುದಿತ್ತಲ್ಲ. ನಾನಲ್ಲಿ ಕಳ್ಳನ ಹಾಗೆ ಕೂತಿದ್ದೆ. ಆ ಲ್ಯೂಬಾ ಹತ್ರ ಮಾನ ಕಳ್ಕೊಂಡೆ."

"ನೆತನೇಲನ ಮುಂದೆ ಹೇಗೆ ಹೇಳ್ಲಿ? ಹೇಳಿದ್ರೆ ನೀನು ಮರ್ತಿದ್ದೆ ಅಂತ ಗೊತ್ತಾಗ್ತಿತ್ತು. ನೀನಾಗಿ ತೆಗೆದೆ ಅಂತಲೇ ಅವ್ರು ತಿಳ್ಕೊಳ್ಲಿ ಅಂತ..." ಅವಳು ಪಾತ್ರೆ ಕೆಳಗಿಟ್ಟಳು. "ಕೋಳಿ ತಗೊಂಡು ಬಂದ್ಯಲ್ಲ, ಆಗ ನಂಗೆ ನಗೂನೂ ಬಂತು, ಅಳೂನೂ ಬಂತು."

ಒಳಗೆ ನೆತನೇಲ ರೆನಾನಳಿಗೆ ಏನೋ ಹಾಡು ಹೇಳಿಕೊಡುತ್ತಿದ್ದ. ಎಲ್ಕಾನ ಹೇಳಬಾರದು ಅಂದುಕೊಂಡ, ಹೇಳದಿದ್ದರೆ ಈ ಮೀನು ತನಗೆ ಸೇರುವುದಿಲ್ಲ ಅನ್ನಿಸಿತು. "ತಿರ್ಸಾ, ನಾನು ತೆಗೀತಿದ್ದೆ," ಅಂದ. "ಹಿಡಿ ಹಿಡ್ದಾಗಿತ್ತು. ಆ ಮಗು ಬರ್ದೇ ಇದ್ದಿದ್ರೆ ತೆಗೆದು, ನಿಮಗೆಲ್ಲ ಬಡಿಸಿ, ಸುಮ್ನೆ ಇದ್ಬಿಡ್ತಿದ್ದೆ."

"ಗೊತ್ತು ಅಪ್ಪ. ನಾನೇ ಕಳ್ಸಿದ್ದು ಅವ್ಳನ್ನ."

ಎಲ್ಕಾನ ತಿರುಗಿ ನೋಡಿದ.

"ಪ್ರಾರ್ಥನೆ ಹೊತ್ತಲ್ಲೇ ನಿನ್ನ ಮುಖ ನೋಡ್ದೆ. ತಾತನ ಜೊತೇಲೇ ಕೂತಿರು, ಎಬ್ಬಿಸಿದ್ರೂ ಏಳ್ಬೇಡ ಅಂತ ಹೇಳಿ ಕಳ್ಸಿದೆ."

"ಬಲ್ಬೇ ಇರ್ಲಿಲ್ವಲ್ಲೇ. ತೆಗೆದಿದ್ರೂ ಏನೂ ಆಗ್ತಿರ್ಲಿಲ್ಲ."

"ನೀನು ತೆಗ್ದೆ ಅಂತ ನಂಗೆ ಗೊತ್ತಾಗ್ತಿತ್ತಲ್ಲ. ಆಮೇಲೆ ನಾನು ಇಲ್ಲಿಗೆ ಹೇಗೆ ಬರ್ಲಿ?" ತಿರ್ಸಾಳ ಧ್ವನಿ ಒಡೆಯಿತು. "ನಂಗೆ ಬರ್ಬೇಕು ಅಪ್ಪ. ನೆತನೇಲಂಗೋಸ್ಕರ ಅಲ್ಲ, ಮಕ್ಕಳಿಗೋಸ್ಕರ ಅಲ್ಲ. ನಂಗೇ ಬರ್ಬೇಕು."

ಎಲ್ಕಾನನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದವು, ಯಾವುದನ್ನು ಮೊದಲು ತಡೆಯುವುದೋ ತಿಳಿಯಲಿಲ್ಲ. ಮಗಳು ತೋಳಿನಿಂದ ಕಣ್ಣೊರೆಸಿಕೊಂಡು, ಅವನನ್ನು ಪಕ್ಕಕ್ಕೆ ಸರಿಸಿ, ಮೀನಿನ ತಟ್ಟೆಯನ್ನು ತಾನೇ ಎತ್ತಿಕೊಂಡಳು. ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಮುಂದಿನ್ ತಿಂಗಳು ಉಪ್ಪು ಒಂಚೂರು ಕಮ್ಮಿ ಹಾಕು," ಅಂದಳು.

"ಆಯ್ತಮ್ಮ," ಅಂದ ಎಲ್ಕಾನ. ಅವನ ಧ್ವನಿ ಆ ಅಡಿಗೆಮನೆಯಲ್ಲೂ ಸರಿಯಾಗಿ ಕೇಳಿಸಲಿಲ್ಲ.